ಒಂದೇ ಎಲೆಯ ಇಪ್ಪತ್ತೊಂಬತ್ತು ಸಾಲು

"ದಾರ ಒದ್ದೆ ಇರ್ಬೇಕು ನೋಡಪ್ಪ. ಒಣ ದಾರ ಸುಳ್ಳು ಹೇಳುತ್ತೆ, ಕಾಗದದ ಮೇಲೆ ಕೂರಲ್ಲ, ಬಾಗೋ ಕಡೆ ಎದ್ದುಬಿಡುತ್ತೆ. ಸೂತ್ರದ ಎಡಗಡೆ ತುದೀಲಿ ಹೆಬ್ಬೆರಳಿಂದ ಒತ್ತಿ ಹಿಡ್ಕೋ. ಆಮೇಲೆ ಬರ್ದೋರ ಕೈ ಹೋದ ದಾರೀಲೇ ಹೋಗ್ಬೇಕು. ಘಾತ ಬಂತಾ, ಮೇಲಕ್ಕೆ ಹತ್ತು. ಭಾಗಾಕಾರ ಬಂತಾ, ಗೆರೆ ಮೇಲಿಂದು ಮುಗಿಸಿ ಕೆಳಗಿಳಿದು ಅದನ್ನೂ ನಡ್ಕೊಂಡು ಬಾ. ಆವರಣ ಚಿಹ್ನೆ ಬಂದ್ರೆ ಅದರ ಬೆನ್ನು ಸವರ್ಕೊಂಡು ಹೋಗು. ಕೊನೇಗೆ ದಾರ ಎತ್ತಿ ನೆಟ್ಟಗೆ ಹಿಡಿದು ಅಳತೆಪಟ್ಟಿ ಮೇಲಿಡು. ಸಾಲಿಗಿಂತ ಉದ್ದ ಬಂತೋ, ಆ ಸೂತ್ರ ಸಾಲಲ್ಲಿ ಹಿಡಿಯಲ್ಲ. ಆಗ ಒಂದು ತುಂಡಿಗೆ ಅಕ್ಷರ ಕೊಟ್ಟು, ಈ ಅಕ್ಷರ ಅಂದ್ರೆ ಇದು ಅಂತ ಪುಟದ ಅಡೀಲಿ ಹಾಕಿಸ್ತಿದ್ವಿ. ಅಡಿ ನಮ್ಮದಲ್ಲ, ಬೇರೆಯವರದು. ಆ ಕಡೆ ನಾವು ತಲೆ ಹಾಕ್ತಿರ್ಲಿಲ್ಲ. ನಾನು ಓದಿದ್ದು ಏಳನೇ ಕ್ಲಾಸು. ಸೂತ್ರದ ಒಳಗೇನಿದೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಎಷ್ಟು ಜಾಗ ಬೇಕು ಅಂತ ಗೊತ್ತು. ಬಸ್ಸಲ್ಲಿ ಒಬ್ಬ ಮನುಷ್ಯನ್ನ ಪಕ್ಕ ಕೂರಿಸ್ಕೊಳ್ಳೋಕೆ ಅವನ ಜಾತಕ ಬೇಕಾ? ಅಗಲ ಗೊತ್ತಾದ್ರೆ ಸಾಕು."

ಹೀಗೆ ಹೇಳಿದ್ದು ದಾರದಕ್ಕ. ಕೇಳಿಸಿಕೊಂಡದ್ದು ಅವಳ ಕಚೇರಿಗೆ ಅಂದೇ ಕೆಲಸಕ್ಕೆ ಸೇರಿದ ಎಂಜಿನಿಯರ್. ಕೇಳಿಸಿಕೊಂಡ ಎನ್ನುವುದಕ್ಕಿಂತ ನಕ್ಕ ಎನ್ನುವುದು ಸರಿ. ಅವನು ಒಳ್ಳೆಯ ಹುಡುಗನೇ, ಬಾಯಿ ಮುಚ್ಚಿಕೊಂಡು ನಕ್ಕ.

ದಾರದಕ್ಕನಿಗೆ ಐವತ್ತನಾಲ್ಕು ವಯಸ್ಸು. ಅದರಲ್ಲಿ ಇಪ್ಪತ್ತಾರು ವರ್ಷ ಒಂದು ಅಚ್ಚುಕೂಟದಲ್ಲಿ ಲೆಕ್ಕದ ಪುಸ್ತಕಗಳಿಗೆ ಅಕ್ಷರದ ಅಚ್ಚುಮೊಳೆ ಜೋಡಿಸಿದ್ದಳು. ಕಥೆ ಕಾದಂಬರಿಗೆ ಮೊಳೆ ಜೋಡಿಸುವವರಿಗೆ ಮಂದ ಬೆಳಕು ಸಾಕು, ಸೂತ್ರದವಳಿಗೆ ಮಾತ್ರ ಕಿಟಕಿ ಬೇಕು ಎಂಬ ಕಟ್ಟಳೆ ಅಲ್ಲಿತ್ತು. ಹಾಗಾಗಿ ಅವಳ ಜೀವಮಾನದ ಒಳ್ಳೆಯ ಭಾಗವೆಲ್ಲ ಕಿಟಕಿಯ ಪಕ್ಕದಲ್ಲೇ ಕಳೆಯಿತು. ಪುಟದ ಅಡಿಯಲ್ಲಿ ಬರುವ ಸಣ್ಣಕ್ಷರದ ಟಿಪ್ಪಣಿಗೆ ಬೇರೆ ಒಬ್ಬ ಮನುಷ್ಯನಿದ್ದ. ಎಲ್ಲರಿಗೂ ಅವನು 'ಅಡಿಯಪ್ಪ'. ಅವನ ಮೊಳೆಪೆಟ್ಟಿಗೆಯನ್ನು ಯಾರೂ ಮುಟ್ಟುವಂತಿರಲಿಲ್ಲ, ಅವನ ಸಾಲನ್ನು ಯಾರೂ ಅಳೆಯುವಂತಿರಲಿಲ್ಲ. ಅಚ್ಚುಕೂಟ ಮುಚ್ಚಿದ ದಿನ ಉಳಿದವರು ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋದರು. ಇವಳು ತನ್ನ ದಾರದುಂಡೆಯನ್ನು ಊಟದ ಡಬ್ಬಿಯೊಳಗೆ ಹಾಕಿಕೊಂಡು ಬಂದಳು.

ಅವಳನ್ನು ಮತ್ತೆ ಕೆಲಸಕ್ಕೆ ಕರೆದವರು ಮೇಷ್ಟ್ರು. ಅವರ ಬೀಜಗಣಿತದ ಪುಸ್ತಕಕ್ಕೆ ಮೂರು ಸಲ ಮೊಳೆ ಜೋಡಿಸಿದ್ದವಳು ಇವಳೇ. ಪಾಠ ಹೇಳುವುದರಿಂದ ನಿವೃತ್ತರಾದ ಮೇಲೆ ಅವರಿಗೆ ಒಂದು ಹುಚ್ಚು ಹತ್ತಿತು: ಬೀಜಗಣಿತವನ್ನು ತಾನೇ ಬಿಡಿಸುವ ಕಂಪ್ಯೂಟರ್ ಪ್ರೋಗ್ರಾಂ ಮಾಡಬೇಕು. ಕನ್ನಡಕದ ಅಂಗಡಿಯ ಮೇಲೆ, ಮೂರನೆಯ ಮಹಡಿಯಲ್ಲಿ, ಐದು ಮೇಜು ಹಾಕಿ, ಕೆಮ್ಮುವ ಒಂದು ಪ್ರಿಂಟರ್ ಇಟ್ಟು ಶುರು ಮಾಡಿಯೇಬಿಟ್ಟರು. ಲಿಫ್ಟ್ ಇತ್ತು, ಆದರೆ ಅದರ ಬಾಗಿಲಿಗೆ ಒರಗಿಸಿಟ್ಟ 'ಕೆಟ್ಟಿದೆ' ಎಂಬ ಬೋರ್ಡೂ ಇತ್ತು. ಐದನೆಯ ಮೇಜು ಕಿಟಕಿಯ ಪಕ್ಕದ್ದು. ಅಲ್ಲಿಂದ ಒಂದು ನೀರಿನ ಟ್ಯಾಂಕು, ಒಂದು ಬೇಕರಿಯ ಹಿಂಬಾಗಿಲು, ಅದರ ಮೆಟ್ಟಿಲ ಮೇಲೆ ಕೂತು ಬೀಡಿ ಸೇದುವ ಬೇಕರಿಯವನು ಕಾಣುತ್ತಿದ್ದರು. ದಾರದಕ್ಕನಿಗೆ ಅಷ್ಟು ಸಾಕಾಗಿತ್ತು.

ಅಲ್ಲಿ ಅವಳಿಗೇನು ಕೆಲಸ ಎಂದರೆ, ಒಂದೇ ಉತ್ತರವನ್ನು ನಾಲ್ಕು ಬಗೆಯಲ್ಲಿ ಬರೆಯಬಹುದು. ನಾಲ್ಕೂ ಸರಿಯೇ. ಪರೀಕ್ಷೆಯಲ್ಲಿ 'ಸಂಕ್ಷೇಪಿಸಿ' ಎಂದು ಕೇಳುತ್ತಾರಲ್ಲ, ಆಗ ಆ ನಾಲ್ಕರಲ್ಲಿ ಚಿಕ್ಕದನ್ನು ಕೊಡಬೇಕು. ಯಂತ್ರಕ್ಕೆ ಬಿಡಿಸುವುದು ಗೊತ್ತು, ಯಾವುದು ಚಿಕ್ಕದು ಎಂಬುದು ಗೊತ್ತಿಲ್ಲ. ಅದು ಕೊಟ್ಟ ಉತ್ತರವನ್ನೂ ಮೇಷ್ಟ್ರು ಕೈಯಲ್ಲಿ ಬರೆದ ಉತ್ತರವನ್ನೂ ಪಕ್ಕಪಕ್ಕ ಇಟ್ಟು, ದಾರ ಹಾಯಿಸಿ ನೋಡಿ, ಚೀಟಿಯ ಮೇಲೆ 'ಉದ್ದ' ಅಥವಾ 'ಪರವಾಗಿಲ್ಲ' ಎಂದು ಬರೆಯುವುದು ದಾರದಕ್ಕನ ಕೆಲಸ. ದಿನಕ್ಕೆ ಮೂವತ್ತು ಚೀಟಿ. ಲೆಕ್ಕ ಬಾರದ ಹೆಂಗಸು ಲೆಕ್ಕದ ಯಂತ್ರಕ್ಕೆ ಮಾರ್ಕು ಹಾಕುತ್ತಾಳೆ ಎಂದು ಕೆಳಗಿನ ಕನ್ನಡಕದ ಅಂಗಡಿಯವರು ಗಿರಾಕಿಗಳಿಗೆಲ್ಲ ಹೇಳಿ ನಗಿಸುತ್ತಿದ್ದರು.

ಹೊಸ ಎಂಜಿನಿಯರ್ ಬಂದದ್ದು ಈ ನಗೆಪಾಟಲನ್ನು ನಿಲ್ಲಿಸುವುದಕ್ಕೆ. ಒಂದು ವಾರದಲ್ಲಿ ಅವನು ಗೋಡೆಯ ಕಪ್ಪು ಬೋರ್ಡಿನ ಮೇಲೆ ತಲೆಕೆಳಗಾದ ಮರವೊಂದನ್ನು ಬರೆದ.

"ನೋಡಿ ಅಕ್ಕ, ಪ್ರತಿ ಸೂತ್ರಾನೂ ಒಂದು ಮರ. ಕೂಡೋದು, ಗುಣಿಸೋದು, ಘಾತ, ಇವೆಲ್ಲ ಗಂಟುಗಳು. ಅಂಕಿ, ಅಕ್ಷರ ಎಲೆಗಳು. ಗಂಟು ಎಷ್ಟು, ಎಲೆ ಎಷ್ಟು ಅಂತ ಎಣಿಸಿದ್ರೆ ಸೂತ್ರದ ಗಾತ್ರ ಬಂತು. ಕಮ್ಮಿ ಬಂದಿದ್ದೇ ಚಿಕ್ಕದು. ಕಣ್ಣು ಬೇಡ, ದಾರ ಬೇಡ."

"ಎಲೆ ಎಷ್ಟಗಲ ಅಂತ ನೋಡಲ್ವಾ?"

"ಎಲೆ ಅಂದ್ರೆ ಎಲೆ ಅಕ್ಕ. ಒಂದಕ್ಕೆ ಒಂದು."

"ಹೂಂ" ಎಂದಳು ದಾರದಕ್ಕ. ಅವಳ 'ಹೂಂ' ಎಷ್ಟು ಉದ್ದದ್ದು ಎಂದು ಅವನು ಅಳೆಯಲಿಲ್ಲ.

ಮೇಷ್ಟ್ರಿಗೆ ಮರ ಬಹಳ ಹಿಡಿಸಿತು. ಆಗ ತಾನೇ ಒಂದು ದೊಡ್ಡ ಕೆಲಸ ಬಾಗಿಲಿಗೆ ಬಂದಿತ್ತು. ಶಾಲಾ ಪಠ್ಯಪುಸ್ತಕ ಸಮಿತಿಯವರು ನಾಲ್ಕು ಸಾವಿರ ಲೆಕ್ಕಗಳ ಉತ್ತರಮಾಲೆ ತರಬೇಕೆಂದಿದ್ದರು. ಪ್ರತಿ ಉತ್ತರವೂ ಅತಿ ಚಿಕ್ಕ ರೂಪದಲ್ಲಿರಬೇಕು, ಕಿರಿದಾದ ಕಾಲಂನಲ್ಲಿ ಹಿಡಿಯಬೇಕು. ಸಮಿತಿಯ ಮೇಡಂ ಆ ತಿಂಗಳ ಮೊದಲ ವಾರದಲ್ಲೇ ಬಂದು ಯಂತ್ರವನ್ನು ಪರೀಕ್ಷಿಸುವುದೆಂದು ಗೊತ್ತಾಯಿತು. ಮೇಷ್ಟ್ರು ದಾರದಕ್ಕನ ಮೇಜಿನ ತುದಿಗೆ ಬಂದು ಕೂತು, ಸಿಹಿಸುದ್ದಿ ಹೇಳುವವರ ಹಾಗೆ ಹೇಳಿದರು:

"ನೋಡಮ್ಮ, ಇನ್ಮೇಲೆ ಅಳತೇನೂ ಯಂತ್ರದ ಒಳಗೇ ಇರುತ್ತೆ. ಸಮಿತಿಯವರು ಒಪ್ಪಿದ್ರೆ ನಿನಗೆ ವಿಶ್ರಾಂತಿ. ಎಷ್ಟು ವರ್ಷ ಅಂತ ದಾರ ನೆಕ್ತೀಯ."

"ಒಪ್ಪದಿದ್ರೆ?"

"ಒಪ್ಪದಿದ್ರೆ ಅಂಗಡಿ ಮುಚ್ಚಬೇಕು ಕಣಮ್ಮ. ಆಗ ಎಲ್ರಿಗೂ ವಿಶ್ರಾಂತಿ."

ದಾರದಕ್ಕ ಕಿಟಕಿಯ ಆಚೆ ನೋಡಿದಳು. ಬೇಕರಿಯವನು ಬೀಡಿ ಆರಿಸಿ ಒಳಗೆ ಹೋಗುತ್ತಿದ್ದ.

ವಿಶ್ರಾಂತಿ ಎಂದರೆ ಏನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವಳು ಮದುವೆಯಾದವಳಲ್ಲ. ಅಣ್ಣ ಅತ್ತಿಗೆಯ ಜೊತೆ ಇರುವವಳು. ಅಣ್ಣ ಮನೆಯ ಮುಂದಿನ ಕೋಣೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಾನೆ, ಅಂದರೆ ರಿಪೇರಿಗೆ ಬಂದ ಗಡಿಯಾರಗಳ ನಡುವೆ ಕೂತು ಪೇಪರ್ ಓದುತ್ತಾನೆ. ಅತ್ತಿಗೆ ಸುಮ್ಮನೆ ಕೂರುವ ಪೈಕಿ ಅಲ್ಲ. ಕೆಲಸಕ್ಕೆ ಹೋಗುವ ಅಕ್ಕಪಕ್ಕದ ತಾಯಂದಿರ ಚಿಕ್ಕ ಮಕ್ಕಳನ್ನು ಹಗಲು ನೋಡಿಕೊಳ್ಳುವ ಒಂದು ವ್ಯವಸ್ಥೆಯನ್ನು ಮನೆಯಲ್ಲೇ ಮಾಡಬೇಕೆಂದು ಅವಳು ವರ್ಷದಿಂದ ಯೋಚಿಸುತ್ತಿದ್ದಳು. ಯೋಚನೆಗೆ ಕೈಕಾಲು ಮೂಡಿದ್ದು ನಾದಿನಿಯ ವಿಶ್ರಾಂತಿಯ ಸುದ್ದಿ ಕೇಳಿದ ಮೇಲೆ.

"ಏಳು ಮಕ್ಕಳಿಗೆ ಮಾತು ಕೊಟ್ಟು ಬಂದೆ" ಎಂದಳು ಅತ್ತಿಗೆ ಮಾರನೆಯ ಸಂಜೆಯೇ. "ಮುಂದಿನ ತಿಂಗಳು ಒಂದನೇ ತಾರೀಕಿಂದ."

"ಯಾರು ನೋಡ್ಕೊಳ್ಳೋದು ಅತ್ತಿಗೆ?"

"ಯಾರು ಅಂದ್ರೆ? ನೀನು ಮನೇಲೇ ಇರ್ತೀಯಲ್ಲ ತಾಯಿ. ಬೆಳಗಿಂದ ಸಂಜೆವರೆಗೆ ಕಿಟಕಿ ನೋಡ್ಕೊಂಡು ಕೂರೋಳಿಗೆ ಏಳು ಮಕ್ಕಳು ಒಂದು ಹೊರೆನಾ? ಏಳು ಅಂದ್ರೆ ಎಷ್ಟು, ಎರಡು ಕೈ ಬೆರಳಿಗೂ ಬರಲ್ಲ."

"ಆ ಮೂಲೆ ಮನೇದು ಒಂದೇ ಮೂರು ಮಕ್ಕಳಿಗೆ ಸಮ ಇದೆ" ಎಂದ ಅಣ್ಣ ಪೇಪರಿನ ಹಿಂದಿನಿಂದ.

"ಎಣಿಸೋವಾಗ ಅದೂ ಒಂದೇ" ಎಂದಳು ಅತ್ತಿಗೆ.

ದಾರದಕ್ಕನಿಗೆ ಮಕ್ಕಳೆಂದರೆ ಬೇಸರವಲ್ಲ. ಆದರೆ ಬೆಳಗ್ಗೆ ಎಂಟೂವರೆಗೆ ಡಬ್ಬಿ ಕಟ್ಟಿಕೊಂಡು, ಚಪ್ಪಲಿ ಮೆಟ್ಟಿ, ಬಾಗಿಲು ಎಳೆದುಕೊಂಡು ಹೊರಗೆ ಹೋಗುವುದು ಒಂದಿದೆಯಲ್ಲ, ಅದೇ ಅವಳ ಆಸ್ತಿ. ಮೂವತ್ತೇಳು ವರ್ಷದಿಂದ ಅವಳನ್ನು ಯಾರೂ 'ಪಾಪ, ಅಣ್ಣನ ಮನೇಲಿದಾಳೆ' ಎಂದಿರಲಿಲ್ಲ. ಅಂದುಕೊಳ್ಳುವ ಹೊತ್ತಿಗೆ ಅವಳು ಬಸ್ಸಿನಲ್ಲಿರುತ್ತಿದ್ದಳು. ಈಗ ಯಂತ್ರ ಗೆದ್ದರೂ ಮನೆ, ಸೋತರೂ ಮನೆ. ಎರಡು ದಾರಿಯೂ ಒಂದೇ ಅಡುಗೆಮನೆಗೆ ಹೋಗಿ ಸೇರುತ್ತಿದ್ದವು.

ಇಂಥ ಹೊತ್ತಿನಲ್ಲಿ ಬೇರೆಯವರಾಗಿದ್ದರೆ ಚೀಟಿ ಬರೆಯುವುದನ್ನೇ ಬಿಡುತ್ತಿದ್ದರು. ಇವಳು ಬಿಡಲಿಲ್ಲ. ಪರೀಕ್ಷೆಗೆ ನಾಲ್ಕು ದಿನವಿರುವಾಗ ಯಂತ್ರಕ್ಕೆ ಒಂದು ಲೆಕ್ಕ ಕೊಟ್ಟಿದ್ದರು. ಉತ್ತರ ಏಳರ ಇನ್ನೂರನೆಯ ಘಾತ. ಅಂದರೆ ಒಂದು ಏಳು ಬರೆದು, ಅದರ ಹೆಗಲ ಮೇಲೆ ಚಿಕ್ಕದಾಗಿ ಇನ್ನೂರು ಬರೆದರೆ ಮುಗಿಯಿತು, ಉಗುರಗಲ ಸಾಕು. ಯಂತ್ರ ಹಾಗೆ ಬರೆಯಲಿಲ್ಲ. ಇನ್ನೂರು ಏಳುಗಳನ್ನೂ ಗುಣಿಸಿ, ಬಂದ ನೂರ ಎಪ್ಪತ್ತು ಅಂಕಿಗಳನ್ನು ಉದ್ದಕ್ಕೆ ಹಾಸಿಬಿಟ್ಟಿತು. ಕಾಲಂನಲ್ಲಿ ಆರು ಸಾಲು. ದಾರದಕ್ಕ ದಾರ ಹಾಯಿಸಿದಳು, ದಾರವೇ ಸಾಲಲಿಲ್ಲ, ಗಂಟು ಹಾಕಿ ಮುಂದುವರಿಸಿದಳು. ಚೀಟಿಯ ಮೇಲೆ 'ಉದ್ದ' ಎಂದು ಬರೆದು, ಕೆಳಗೆ ಒಂದು ಗೆರೆ ಎಳೆದಳು. ಈ ಕಚೇರಿಗೆ ಬಂದ ಹನ್ನೊಂದು ವರ್ಷದಲ್ಲಿ ಅವಳು ಗೆರೆ ಎಳೆದದ್ದು ಅದೇ ಮೊದಲು.

ಎಂಜಿನಿಯರ್ ಚೀಟಿ ಹಿಡಿದು ಬಂದ. "ಅಕ್ಕ, ಇದು ಸರಿಯಾಗೇ ಇದೆ. ಘಾತ ಅನ್ನೋ ಗಂಟು ಒಂದು, ಏಳು ಒಂದು, ಇನ್ನೂರು ಒಂದು. ಒಟ್ಟು ಮೂರು. ಈ ಸಂಖ್ಯೆ? ಒಂದೇ ಎಲೆ. ಮೂರಕ್ಕಿಂತ ಒಂದು ಚಿಕ್ಕದಲ್ವಾ?"

"ಚಿಕ್ಕದೇ. ಆದ್ರೆ ಹಿಡಿಯಲ್ಲ."

"ಹಿಡಿಸೋದು ಪ್ರಿಂಟರ್ ಕೆಲಸ."

ಪ್ರಿಂಟರ್ ಮೂಲೆಯಲ್ಲಿ ಕೆಮ್ಮಿತು. ಚೀಟಿ ಫೈಲಿಗೆ ಹೋಯಿತು.

ಮೇಡಂ ಬಂದರು. ತೆಳ್ಳಗಿನ ಹೆಂಗಸು, ಕೈಯಲ್ಲಿ ಕೆಂಪು ಪೆನ್ನು, ಮೂರು ಮಹಡಿ ಹತ್ತಿದರೂ ಏದುಸಿರು ಬಿಡದವರು. ಹತ್ತು ಲೆಕ್ಕ ಕೊಟ್ಟರು, ಹತ್ತಕ್ಕೂ ಚೊಕ್ಕ ಉತ್ತರ ಬಂತು. ಮೇಷ್ಟ್ರು ಟೀ ತರಿಸಿದರು. ಟೀ ಕುಡಿಯುತ್ತಾ ಮೇಡಂ, ಎಂಟನೇ ಕ್ಲಾಸಿನ ಮಕ್ಕಳೂ ಬಾಯಲ್ಲೇ ಹೇಳುವ ಲೆಕ್ಕವೊಂದನ್ನು ಸುಮ್ಮನೆ ಕೇಳಿದರು: ಏಳರ ಮುನ್ನೂರನೆಯ ಘಾತವನ್ನು ಏಳರ ಏಳುನೂರನೆಯ ಘಾತದಿಂದ ಗುಣಿಸಿ. ಮುನ್ನೂರಕ್ಕೆ ಏಳುನೂರು ಕೂಡಿಸಿ, ಏಳರ ಸಾವಿರನೆಯ ಘಾತ ಎಂದರಾಯಿತು.

ಪ್ರಿಂಟರ್ ಶುರುವಾಯಿತು. ಒಂದು ಸಾಲು, ಎರಡು ಸಾಲು, ಐದು, ಹತ್ತು. ಎಂಜಿನಿಯರ್ ಕಾಗದದ ತುದಿ ಹಿಡಿದು ನಿಂತಿದ್ದ, ಎಳೆದರೆ ನಿಲ್ಲುತ್ತದೇನೋ ಎಂಬಂತೆ. ಮೇಷ್ಟ್ರ ಟೀ ಆರಿತು. ಇಪ್ಪತ್ತೆಂಟು ಸಾಲು ತುಂಬಿ ಇಪ್ಪತ್ತೊಂಬತ್ತನೆಯದರಲ್ಲಿ ಆರಂಕಿ ಬಂದು ನಿಂತಿತು: 600001.

"ಉತ್ತರ ಸರಿ ಇದೆಯಾ?" ಎಂದು ಕೇಳಿದರು ಮೇಡಂ.

"ಸರಿ ಇದೆ ಮೇಡಂ. ಯಂತ್ರದ ಲೆಕ್ಕದಲ್ಲಿ ಇದೆಲ್ಲ ಸೇರಿ ಒಂದೇ ಎಲೆ. ಒಂದಂಕೀನೂ ತಪ್ಪಿಲ್ಲ" ಎಂದ ಎಂಜಿನಿಯರ್.

"ಅದೇ ಕಷ್ಟ. ತಪ್ಪಿದ್ರೆ ಹರಿದು ಹಾಕಬಹುದಿತ್ತು." ಅವರು ಕಾಗದವನ್ನು ನಾಲ್ಕು ಮಡಿಕೆ ಮಡಚಿ ಚೀಲಕ್ಕೆ ಹಾಕಿಕೊಂಡರು. "ಇದನ್ನ ಸಮಿತೀಲಿ ಓದ್ತೀನಿ. ಮೂರು ವಾರ ಬಿಟ್ಟು ಬರ್ತೀನಿ. ಅಷ್ಟರಲ್ಲಿ ಚಿಕ್ಕದು ಅಂದ್ರೇನು ಅಂತ ನಿಮ್ಮ ಯಂತ್ರಕ್ಕೆ ಯಾರಾದ್ರೂ ಹೇಳಿಕೊಡಿ."

ಆ ಮಧ್ಯಾಹ್ನ ಮೇಷ್ಟ್ರು ಫೈಲು ತೆಗೆದು ಗೆರೆ ಎಳೆದ ಚೀಟಿಯನ್ನು ನೋಡಿ ಹಾಗೇ ಮುಚ್ಚಿದರು. ಸಂಜೆ ಹೊರಡುವ ಹೊತ್ತಿಗೆ ಎಂಜಿನಿಯರ್ ಹೊಸ ನೋಟ್‌ಬುಕ್ ಹಿಡಿದು ಕಿಟಕಿ ಪಕ್ಕಕ್ಕೆ ಸ್ಟೂಲು ಎಳೆದುಕೊಂಡ.

"ಅಕ್ಕ, ಅವತ್ತು ಮೊದಲ ದಿನ ಏನೋ ಹೇಳಿದ್ರಲ್ಲ. ಇನ್ನೊಂದ್ಸಲ ಹೇಳ್ತೀರಾ? ಒಂದಕ್ಷರಾನೂ ಬಿಡದೆ ಬರ್ಕೋತೀನಿ."

ದಾರದಕ್ಕ ಹೇಳಿದಳು. ಒದ್ದೆ ದಾರದಿಂದ ಹಿಡಿದು ಬಸ್ಸಿನ ಪಕ್ಕದ ಸೀಟಿನವರೆಗೆ ಎಲ್ಲವನ್ನೂ ಹೇಳಿದಳು. ಅವನು ನಗದೆ ಬರೆದುಕೊಂಡ. ಒಂದಕ್ಷರವನ್ನೂ ಬಿಡಲಿಲ್ಲ, ಅದೇ ಆಮೇಲೆ ಮುಳುವಾಯಿತು.

ಎರಡು ವಾರ ಅವನು ತಲೆ ಎತ್ತಲಿಲ್ಲ. ದಾರವನ್ನು ಯಂತ್ರದೊಳಕ್ಕೆ ಇಳಿಸಿದ. ಅಂಕಿಗಳಿಗೆಲ್ಲ ಅಗಲ ಬಂತು. ಹೆಗಲ ಮೇಲಿನ ಘಾತಕ್ಕೆ ಅರ್ಧ ಅಗಲ, ಭಾಗಾಕಾರಕ್ಕೆ ಮೇಲೆ ಕೆಳಗೆ ಎರಡರ ಅಗಲವೂ ಬಂತು. ಉದ್ದ ತಗ್ಗಿಸಲು ತುಂಡಿಗೆ ಅಕ್ಷರ ಕೊಟ್ಟು ಅಡಿಯಲ್ಲಿ ಅರ್ಥ ಹಾಕುವುದನ್ನು ಕಲಿಸುವುದೊಂದು ಬಾಕಿ ಉಳಿಯಿತು. ಏಳರ ಸಾವಿರನೆಯ ಘಾತ ಈಗ ಹದವಾಗಿ ಉಗುರಗಲದಲ್ಲಿ ಬಂದು ಕೂತಿತು. ಮೇಷ್ಟ್ರು ಅದನ್ನು ಮಗುವಿನ ಫೋಟೋದ ಹಾಗೆ ನೋಡಿದರು.

ಮೂರನೆಯ ವಾರದ ಸೋಮವಾರ ಆ ಅಕ್ಷರ ಕೊಡುವುದನ್ನೂ ಕಲಿಸಿ, ನಾಲ್ಕು ಸಾವಿರ ಲೆಕ್ಕವನ್ನೂ ಒಟ್ಟಿಗೆ ಬಿಡಿಸಲು ಹಚ್ಚಿದರು. ಮಂಗಳವಾರ ಬೆಳಗ್ಗೆ ಎಂಜಿನಿಯರ್ ಮೆಟ್ಟಿಲ ತುದಿಯಲ್ಲೇ ನಿಂತು ಕಾಯುತ್ತಿದ್ದ.

"ಅಕ್ಕ, ನಿಮ್ಮ ದಾರ ಗೆದ್ದುಬಿಡ್ತು. ಒಂದು ಉತ್ತರಾನೂ ಒಂದಕ್ಷರಕ್ಕಿಂತ ಜಾಸ್ತಿ ಇಲ್ಲ. ನಾಲ್ಕು ಸಾವಿರಾನೂ ಒಂದೊಂದೇ ಅಕ್ಷರ."

ಮೇಷ್ಟ್ರು ಹೊಸ ಅಂಗಿ ಹಾಕಿಕೊಂಡು ಬಂದಿದ್ದರು. "ಬೀಜಗಣಿತಾನ ಇಷ್ಟು ಚಿಕ್ಕದು ಮಾಡಿದೋರು ಯಾರೂ ಇಲ್ಲ ಕಣಮ್ಮ" ಎಂದರು.

ದಾರದಕ್ಕ ಕಾಗದದ ಕಟ್ಟು ತೆಗೆದುಕೊಂಡು ತನ್ನ ಮೇಜಿಗೆ ಹೋದಳು. ಮೊದಲನೆಯ ಉತ್ತರ: ಕ. ಎರಡನೆಯದು: ಕ. ಮೂರನೆಯದೂ ಕ. ಪುಟದ ಮೇಲೆ ಖಾಲಿಯೋ ಖಾಲಿ. ಪುಟದ ಅಡಿಯಲ್ಲಿ, ಇರುವೆಯಂಥ ಅಕ್ಷರದಲ್ಲಿ, 'ಇಲ್ಲಿ ಕ ಎಂದರೆ' ಎಂದು ಶುರುವಾಗಿ, ಉತ್ತರವೆಲ್ಲ ಅಲ್ಲಿ ಕಿಕ್ಕಿರಿದು ಕೂತಿತ್ತು. ಮನೆಗೆ ನೆಂಟರು ಬಂದಾಗ ಹರಡಿದ್ದನ್ನೆಲ್ಲ ಮಂಚದ ಕೆಳಕ್ಕೆ ತಳ್ಳಿದ ಹಾಗಿತ್ತು.

ಅವಳು ಕಟ್ಟನ್ನು ಕೆಳಗಿಟ್ಟಳು. ತಪ್ಪು ಯಂತ್ರದ್ದಲ್ಲ, ಎಂಜಿನಿಯರನದೂ ಅಲ್ಲ. 'ಅಡಿ ನಮ್ಮದಲ್ಲ, ಆ ಕಡೆ ನಾವು ತಲೆ ಹಾಕ್ತಿರ್ಲಿಲ್ಲ' ಎಂದವಳು ತಾನೇ. ಅವನು ಬರೆದುಕೊಂಡಿದ್ದ, ಯಂತ್ರ ಪಾಲಿಸಿತ್ತು. ದಾರ ಹೋಗದ ಕಡೆ ಎಷ್ಟು ತುಂಬಿದರೂ ಲೆಕ್ಕಕ್ಕಿಲ್ಲ ಎಂದು ಗೊತ್ತಾದ ಮೇಲೆ ಯಾರು ತಾನೇ ತುಂಬದೆ ಬಿಟ್ಟಾರು?

ಅಂದು ಅವಳು ಡಬ್ಬಿ ತೆರೆಯಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಶುಕ್ರವಾರ ಮೇಡಂ ಬಂದು ನಾಲ್ಕು ಸಾವಿರ 'ಕ' ನೋಡಿ ಬಾಗಿಲು ಹಾಕಿಸಿ ಹೋಗುತ್ತಾರೆ. ಹೇಳಿದರೆ ಯಂತ್ರ ಸರಿಹೋಗುತ್ತದೆ, ಮೇಡಂ ಒಪ್ಪುತ್ತಾರೆ, ಇವಳಿಗೆ ವಿಶ್ರಾಂತಿ. ಹೇಗೂ ಒಂದನೇ ತಾರೀಕಿಗೆ ಏಳು ಮಕ್ಕಳು ಕಾದಿವೆ. ಹಾಗಿದ್ದ ಮೇಲೆ ಮೇಷ್ಟ್ರ ಹೊಸ ಅಂಗಿಯ ಸಂತೋಷವನ್ನು ಯಾಕೆ ಕೆಡಿಸಬೇಕು? ಹೀಗೆಲ್ಲ ಯೋಚಿಸಿ, ಕೊನೆಗೆ ಅವಳು ಎದ್ದದ್ದು ದೊಡ್ಡ ಧರ್ಮಬುದ್ಧಿಯಿಂದೇನಲ್ಲ. ಕೆಳಗಿನ ಕನ್ನಡಕದ ಅಂಗಡಿಯವರು ಇನ್ನು ಮೇಲೆ ನಗುವುದಾದರೆ ಎಂಜಿನಿಯರನ ಮರವನ್ನು ನೋಡಿ ನಗಲಿ, ತನ್ನ ದಾರವನ್ನು ನೋಡಿ ನಗುವುದು ಬೇಡ ಎನಿಸಿತು.

"ನೋಡಪ್ಪ, ಇದು ಚಿಕ್ಕದಲ್ಲ. ಬಚ್ಚಿಟ್ಟಿದ್ದು."

ಎಂಜಿನಿಯರ್ ನೋಟ್‌ಬುಕ್ ತೆಗೆದು ಬೆರಳಿಟ್ಟು ತೋರಿಸಿದ. "ನೀವೇ ಹೇಳಿದ್ದಲ್ವಾ ಅಕ್ಕ? ಅಡಿ ಅಳೀಬಾರ್ದು ಅಂತ."

"ಹೇಳಿದ್ದೆ. ಅಲ್ಲಿ ಅಡೀಗೆ ಒಬ್ಬ ಮನುಷ್ಯ ಇದ್ದ. ನಾನು ಒಂದು ಸಾಲು ಜಾಸ್ತಿ ಕಳಿಸಿದ್ರೆ ಮೊಳೆಪೆಟ್ಟಿಗೆ ಎತ್ತಿ ಕುಕ್ತಿದ್ದ, ವಾರ ಮಾತು ಬಿಡ್ತಿದ್ದ. ಆ ಹೆದರಿಕೇಗೆ ನಾವು ಅಕ್ಷರ ಕೊಡೋದೇ ಕಮ್ಮಿ. ನಿನ್ನ ಯಂತ್ರದ ಅಡೀಲಿ ಬೈಯೋರು ಯಾರಿದಾರೆ?"

ಅವನು ಕಾಗದ ನೋಡಿದ, ಅವಳನ್ನು ನೋಡಿದ, ತಲೆ ಕೆರೆದುಕೊಂಡ. ಆಮೇಲೆ ಕೇಳಿದ: "ಹಾಗಾದ್ರೆ ಎಷ್ಟು ಸಲ ಬಂದ ತುಂಡಿಗೆ ಅಕ್ಷರ ಕೊಡ್ತಿದ್ರಿ?"

"ಎರಡು ಸಲ ಬಂದ್ರೆ ಹಾಗೇ ಬಿಡ್ತಿದ್ವಿ. ಮೂರು ಸಲ ಬಂದ್ರೆ ಕೊಡ್ತಿದ್ವಿ."

"ಯಾವಾಗ್ಲೂನಾ?"

"ಯಾವಾಗ್ಲೂ ಇಲ್ಲ. ಓದೋದು ಯಾರು ಅಂತ ನೋಡಿ."

ಅವನು ಪೆನ್ನು ಎತ್ತಿಕೊಂಡ, ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದ, ಆ ಕೊನೆಯ ಮಾತನ್ನು ಬರೆದುಕೊಳ್ಳದೆ ಕೆಳಗಿಟ್ಟ.

ಎರಡು ದಿನದಲ್ಲಿ ಅಡಿಗೂ ದಾರ ಹಾಯುವಂತೆ ಮಾಡಿದ. ನಾಲ್ಕು ಸಾವಿರ 'ಕ'ಗಳೂ ಕರಗಿ ಉತ್ತರಗಳು ಮಂಚದ ಕೆಳಗಿನಿಂದ ಎದ್ದು ಬಂದವು. ಶುಕ್ರವಾರ ಮೇಡಂ ಬಂದು, ಬೇಕುಬೇಕಾದ ಕಡೆ ಪುಟ ತಿರುಗಿಸಿ ಐವತ್ತು ಉತ್ತರ ನೋಡಿದರು. ಕೆಂಪು ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

"ಈಗ ಅಳತೆ ಯಾರು ಮಾಡಿದ್ದು?"

"ಯಂತ್ರಾನೇ ಮೇಡಂ. ಎಲ್ಲಾ ಒಳಗೇ ಇದೆ" ಎಂದರು ಮೇಷ್ಟ್ರು ಹೆಮ್ಮೆಯಿಂದ. ದಾರದಕ್ಕ ಮೇಜಿನ ಖಾನೆಯಿಂದ ತನ್ನ ಸಾಮಾನು ತೆಗೆದು ಚೀಲಕ್ಕೆ ಹಾಕುತ್ತಿದ್ದಳು: ಅಳತೆಪಟ್ಟಿ, ಕನ್ನಡಕದ ಡಬ್ಬಿ, ದಾರದುಂಡೆ.

"ಒಳಗಿದ್ರೆ ಆಗಲ್ಲ" ಎಂದರು ಮೇಡಂ. ಚೀಲದಿಂದ ಒಂದು ನಮೂನೆಯ ಹಾಳೆ ತೆಗೆದರು. "ನಿಮ್ಮ ಇಪ್ಪತ್ತೊಂಬತ್ತು ಸಾಲನ್ನ ಸಮಿತೀಲಿ ಓದಿದೆ. ಪೂರ್ತಿ ಓದಿದೆ, ಯಾರೂ ಎದ್ದು ಹೋಗೋಕೆ ಬಿಡ್ಲಿಲ್ಲ. ಆವಾಗ ಒಂದು ನಿಯಮ ಮಾಡಿದಾರೆ. ಪ್ರತಿ ಉತ್ತರದ ಕೆಳಗೂ ಮೂರು ಸಹಿ. ಬಿಡಿಸಿದವರು, ಅಳೆದವರು, ಒಪ್ಪಿದವರು. ಮೂರೂ ಬೇರೆ ಬೇರೆ ಜನ ಇರ್ಬೇಕು."

ಬಿಡಿಸಿದವರ ಜಾಗಕ್ಕೆ ಯಂತ್ರದ ಪರವಾಗಿ ಎಂಜಿನಿಯರ್ ಸಹಿ ಹಾಕಬಹುದು ಎಂದಾಯಿತು. ಒಪ್ಪಿದವರು ಮೇಷ್ಟ್ರು. ನಡುವಿನ ಖಾನೆ ಖಾಲಿ ಉಳಿಯಿತು. ಎರಡಕ್ಕೂ ತಾನೇ ಹಾಕುತ್ತೇನೆ ಎಂದ ಎಂಜಿನಿಯರ್.

"ನೀವೂ ಒಂದೇ ಎಲೆ ಅಲ್ವಾ, ಎರಡು ಸಹಿ ಹೇಗೆ?" ಎಂದು ಕೇಳಿದರು ಮೇಡಂ. ಮೇಡಂ ಕಣ್ಣು ಕಿಟಕಿಯ ಕಡೆಗೆ ಹೋಯಿತು. "ಅಲ್ಲಿ ದಾರ ಸುತ್ಕೊಂಡು ಕೂತಿದಾರಲ್ಲ, ಅವರು?"

"ಅವರದು ಏಳನೇ ಕ್ಲಾಸು ಮೇಡಂ" ಎಂದರು ಮೇಷ್ಟ್ರು, ತಗ್ಗಿದ ದನಿಯಲ್ಲಿ.

"ಈ ಖಾನೆ ಓದು ಕೇಳಲ್ಲ ಮೇಷ್ಟ್ರೆ. ಕೈ ಕೇಳುತ್ತೆ."

ಹೀಗೆ, ಯಂತ್ರ ಅಳೆಯುವುದನ್ನು ಕಲಿತ ದಿನವೇ, ಅಳೆಯುವುದಕ್ಕೊಬ್ಬ ಮನುಷ್ಯ ಬೇಕೇ ಬೇಕೆಂದು ಕಾಗದಪತ್ರದಲ್ಲಿ ಬಂತು. ಅದು ಬಂದದ್ದು ದಾರದ ಮಹಿಮೆಯಿಂದಲ್ಲ, ಗೆರೆ ಎಳೆದ ಚೀಟಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯದೆ ಇದ್ದುದರಿಂದ. ಹಿಡಿದಿದ್ದರೆ ಇಪ್ಪತ್ತೊಂಬತ್ತು ಸಾಲು ಬರುತ್ತಿರಲಿಲ್ಲ, ನಿಯಮವಾಗುತ್ತಿರಲಿಲ್ಲ, ನಡುವಿನ ಖಾನೆ ಹುಟ್ಟುತ್ತಿರಲಿಲ್ಲ. ದಿನಕ್ಕೆ ಎಂಟು ಉತ್ತರಕ್ಕಿಂತ ಹೆಚ್ಚು ಅಳೆದರೆ ಕಣ್ಣು ಸೋಲುತ್ತದೆ ಎಂದು, ಮೊನ್ನೆಯವರೆಗೂ ಮೂವತ್ತು ಚೀಟಿ ಬರೆಯುತ್ತಿದ್ದ ದಾರದಕ್ಕ ಹೇಳಿದಳು. ಎಂಟರಂತೆ ನಾಲ್ಕು ಸಾವಿರಕ್ಕೆ ಎಷ್ಟು ದಿನವೆಂದು ಎಂಜಿನಿಯರ್ ಕಂಪ್ಯೂಟರಿಗೆ ಕೇಳಿದ. ಅದು ಐನೂರು ಎಂದಿತು, ಚಿಕ್ಕದಾಗಿಯೇ. ದಾರದಕ್ಕ ಚೀಲದ ಸಾಮಾನನ್ನು ಮತ್ತೆ ಖಾನೆಗೆ ಜೋಡಿಸಿದಳು.

ಅತ್ತಿಗೆ ಮಾತ್ರ ಇದನ್ನು ಸುಲಭವಾಗಿ ಒಪ್ಪಲಿಲ್ಲ.

"ಯಂತ್ರ ಅಳೆದಿರೋದನ್ನ ನೀನು ಮತ್ತೆ ಅಳೀತೀಯಾ?"

"ಹೂಂ."

"ಬೇರೆ ಬರುತ್ತಾ?"

"ಇಲ್ಲ, ಅಷ್ಟೇ ಬರುತ್ತೆ."

"ಮತ್ತೆ ಯಾಕೆ ಹೋಗ್ಬೇಕು?"

"ಸಹಿ ಹಾಕೋಕೆ ಅತ್ತಿಗೆ."

ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಇಬ್ಬರನ್ನೂ ನೋಡಿದಳು, ನಾದಿನಿಯನ್ನು, ಆಮೇಲೆ ಗಂಡನನ್ನು. ಗಂಡನ ಮೇಲೆ ಅವಳ ಕಣ್ಣು ನಿಂತಿತು. ಅವನು ಪೇಪರ್ ಮಡಚಿದ. "ನಂಗೆ ಗಡಿಯಾರ ಇದಾವಲ್ಲ" ಎಂದ.

"ನಿಂತಿರೋ ಗಡಿಯಾರಾನ ನೋಡ್ಕೊಳ್ಳೋರು ಓಡೋ ಮಕ್ಕಳನ್ನೂ ನೋಡ್ಕೋಬಹುದು" ಎಂದಳು ಅತ್ತಿಗೆ. ಅಲ್ಲಿಗೆ ಅದು ತೀರ್ಮಾನವಾಯಿತು.

ಒಂದನೇ ತಾರೀಕಿಗೆ ಏಳು ಮಕ್ಕಳೂ ಬಂದವು. ಗಡಿಯಾರಗಳು ಕಪಾಟಿನ ಮೇಲಕ್ಕೆ ಹೋದವು. ಮೂಲೆ ಮನೆಯ ಮಗು ಮೊದಲ ದಿನವೇ ಅಣ್ಣನ ಭೂತಗನ್ನಡಿಯನ್ನು ವಶಪಡಿಸಿಕೊಂಡಿತು. ವಾರ ಕಳೆಯುವಷ್ಟರಲ್ಲಿ ಅಣ್ಣ ಬೆಳಗ್ಗೆ ಎಂಟೂವರೆಗೆ ತಂಗಿ ಚಪ್ಪಲಿ ಮೆಟ್ಟುವುದನ್ನು ಒಂದು ಥರ ನೋಡತೊಡಗಿದ. "ಪುಟ್ಟಿ, ನಿಮ್ಮ ಕಚೇರೀಲಿ ಇನ್ನೊಂದು ಖಾನೆ ಖಾಲಿ ಇಲ್ವಾ?" ಎಂದು ಕೇಳಿದ. ಸಮಿತಿಯ ಮುಂದಿನ ನಿಯಮಕ್ಕೆ ಕಾಯಬೇಕು ಎಂದಳು ದಾರದಕ್ಕ.

ಆ ದಿನವೂ ಅವಳು ಹೊರಡುವ ತರಾತುರಿಯಲ್ಲಿದ್ದಳು. ಡಬ್ಬಿ ಕಟ್ಟಿಯಾಗಿತ್ತು. ಹಿತ್ತಲಿನಿಂದ ಅತ್ತಿಗೆಯ ದನಿ ಬಂತು: "ತಾಯಿ, ಹೋಗೋ ಮುಂಚೆ ಆ ಬಕೆಟ್‌ನಲ್ಲಿರೋದನ್ನ ತಂತಿ ಮೇಲೆ ಹಾಕಿಬಿಡು. ಜಾಸ್ತಿ ಏನಿಲ್ಲ, ಎಂಟೇ ಬಟ್ಟೆ."

ದಾರದಕ್ಕ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು ಬಕೆಟ್ಟಿಗೆ ಕೈ ಹಾಕಿದಳು. ಮಕ್ಕಳ ಪುಟ್ಟ ಟವೆಲ್ ಏಳು. ಅವುಗಳಡಿಯಲ್ಲಿ, ನೀರು ಕುಡಿದು ಭಾರವಾಗಿ ಮುದುಡಿ ಕೂತ ಅಣ್ಣನ ಮಂಚದ ದೊಡ್ಡ ಹಾಸು, ಒಂದು. ಅವಳು ತಂತಿಯನ್ನು ಈ ಗೂಟದಿಂದ ಆ ಗೂಟದವರೆಗೆ ಕಣ್ಣಲ್ಲೇ ಒಂದು ಸಲ ಅಳೆದಳು. ಹಾಸನ್ನು ಹಿಂಡಿ, ಕೊಡವಿ, ಎರಡು ಮಡಿಕೆ ಮಾಡಿ ಮೊದಲು ಹಾಕಿದಳು. ತಂತಿಯ ಮುಕ್ಕಾಲು ಭಾಗ ಅದಕ್ಕೇ ಹೋಯಿತು. ಉಳಿದ ಜಾಗದಲ್ಲಿ ಏಳು ಟವೆಲ್ಲನ್ನೂ ಒಂದರ ಅಂಚಿಗೆ ಒಂದರ ಅಂಚು ಸೇರಿಸಿ, ಎರಡಕ್ಕೂ ಒಂದೇ ಕ್ಲಿಪ್ಪು ಸಿಕ್ಕಿಸುತ್ತಾ ಬಂದಳು. ಏಳನೆಯದು ಗೂಟಕ್ಕೆ ತಾಗಿತು. ಅದನ್ನು ಉದ್ದಕ್ಕೆ ಮಡಚಿ ಹಾಕಿ, ಕೈ ಒರೆಸಿಕೊಂಡು, ಖಾಲಿ ಬಕೆಟ್ಟನ್ನು ಗೋಡೆಗೆ ಬೋರಲು ಹಾಕಿದಳು.